ಡೆನ್ವರ್‌ನಲ್ಲಿ ಗಾಂಜಾ ತಗೊಂಡು ಯೋಗ ಮಾಡೋ ಕ್ಲಾಸಂತೆ, ಯಾರಾದ್ರೂ ಹೋಗಿದೀರಾ?

ಕೊಲೊರಾಡೊ_ಕುಸುಮ:

ಎಲ್ರಿಗೂ ನಮಸ್ಕಾರ. ಇದನ್ನ ಎಲ್ಲಿ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಮನೇಲಂತೂ ಬಾಯಿ ಬಿಡೋ ಹಾಗಿಲ್ಲ, ಅತ್ತೆ ಬೇರೆ ಬಂದಿದಾರೆ. ನಾವಿರೋದು ಡೆನ್ವರ್ ಹತ್ರ. ಆಫೀಸಲ್ಲಿ ನನ್ನ ಟೀಮಿನ ಒಬ್ಳು ಅಮೆರಿಕನ್ ಹುಡುಗಿ, ನಾನು ಮೈಸೂರವ್ಳು ಯೋಗ ಮಾಡ್ತೀನಿ ಅಂತ ಗೊತ್ತಾದಾಗ್ಲಿಂದ ಬೆನ್ನು ಬಿದ್ದಿದಾಳೆ, ಶನಿವಾರ ಸಂಜೆ ಒಂದು ಕ್ಲಾಸಿದೆ ಬಾ ಬಾ ಅಂತ. ವಿಶೇಷ ಏನಪ್ಪಾ ಅಂದ್ರೆ ಕ್ಲಾಸಿಗೆ ಮುಂಚೆ ಎಲ್ರೂ ಸ್ವಲ್ಪ ಗಾಂಜಾ ತಗೋತಾರಂತೆ, ಕೆಲವ್ರು ವೇಪ್ ಸೇದ್ತಾರೆ, ಕೆಲವ್ರು ಗಮ್ಮಿ ಅಂತ ಗಾಂಜಾ ಹಾಕಿರೋ ಜೆಲ್ಲಿ ಮಿಠಾಯಿ ತಿಂತಾರೆ, ಆಮೇಲೆ ಒಂದೂವರೆ ಗಂಟೆ ನಿಧಾನಕ್ಕೆ ಆಸನ, ಕೊನೇಲಿ ಉದ್ದಕ್ಕೆ ಶವಾಸನ. ಕದ್ದುಮುಚ್ಚಿ ಏನಲ್ಲ, ಇಲ್ಲಿ 2012ರಲ್ಲೇ ಜನ ವೋಟ್ ಹಾಕಿ ಲೀಗಲ್ ಮಾಡ್ಕೊಂಡಿದಾರೆ, 2014ರ ಜನವರಿಯಿಂದ ಅಂಗಡೀಲಿ ಮಾರಾಟ, ನಮ್ಮನೆಗೆ ದಿನಸಿ ಅಂಗಡಿಗಿಂತ ಆ ಅಂಗಡೀನೇ ಹತ್ರ.

ಅವಳು ಹೇಳೋದು "ನಿಮ್ ದೇಶದ್ದೇ ಅಲ್ವಾ ಇದೆಲ್ಲ, ಶಿವ, ಸಾಧುಗಳು, ಚಿಲ್ಲಂ, ನೀನೇ ಹಿಂಜರಿದ್ರೆ ಹೇಗೆ". ನನಗೆ ಉತ್ತರ ಗೊತ್ತಾಗ್ಲಿಲ್ಲ. ನಿಜ ಹೇಳ್ಬೇಕಂದ್ರೆ ಆಸೇನೂ ಇದೆ. ಲೇಆಫ್ ಟೆನ್ಶನ್ನಿಂದ ರಾತ್ರಿ ನಿದ್ದೆ ಸರಿಯಿಲ್ಲ, ಸೊಂಟ ಹಿಡ್ಕೊಂಡಿರತ್ತೆ, ಕಾಲು ಚಾಚಿ ಮುಂದಕ್ಕೆ ಬಗ್ಗೋ ಪಶ್ಚಿಮೋತ್ತಾನಾಸನಕ್ಕೆ ಕೂತ್ರೂ ತಲೇಲಿ ಸ್ಟ್ಯಾಂಡಪ್ ಮೀಟಿಂಗ್ ಓಡ್ತಿರತ್ತೆ. ಅವಳು 5 ಮಿಲಿಗ್ರಾಂ ಗಮ್ಮಿ ಸಾಕು, ಮನಸ್ಸು ತಣ್ಣಗಾಗತ್ತೆ, ಮೈ ಬಿಟ್ಕೊಳತ್ತೆ ಅಂತಾಳೆ. ಒಂದ್ಸಲ ಟ್ರೈ ಮಾಡಿದ್ರೆ ಏನಾದ್ರೂ ಅನಾಹುತ ಆಗತ್ತಾ? ನನಗೆ ಬಿಪಿ ಲೋ, ಬೇರೆ ಖಾಯಿಲೆ ಇಲ್ಲ. ಶಾಸ್ತ್ರದ ಕಡೆಯಿಂದ, ಮೈ ಕಡೆಯಿಂದ ಎರಡೂ ಹೇಳಿ. ದಯವಿಟ್ಟು ಬೈಬೇಡಿ.

---

ಗೋಕುಲಂ_ಮ್ಯಾಟ್:

ಬೈಯಲ್ಲ ಬಿಡಿ ಮೇಡಂ. ನಾನು ಮೈಸೂರಲ್ಲಿ ಯೋಗ ಕಲಿಸ್ತೀನಿ, ಕಲಿಯೋಕೆ ಬರೋರಲ್ಲಿ ಮುಕ್ಕಾಲು ಪಾಲು ಹೊರದೇಶದವ್ರು, ಹಾಗಾಗಿ ಈ ಪ್ರಶ್ನೆ ನನಗೆ ಹಳೇದು. ಗೋವಾ ಗೋಕರ್ಣ ಸುತ್ತಾಡ್ಕೊಂಡು ಇಲ್ಲಿಗೆ ಬರೋರಲ್ಲಿ ಒಬ್ರಲ್ಲ ಒಬ್ರು ಕೇಳೇ ಕೇಳ್ತಾರೆ, ಮತ್ತೆ ಎಲ್ರ ಬಾಯಲ್ಲೂ ಒಂದೇ ಸೂತ್ರ, ಪತಂಜಲಿ ಯೋಗಸೂತ್ರದ ನಾಲ್ಕನೇ ಪಾದದ ಮೊದಲನೇದು, "ಜನ್ಮೌಷಧಿಮಂತ್ರತಪಃಸಮಾಧಿಜಾಃ ಸಿದ್ಧಯಃ". ನೋಡಿ ಸಾರ್ ಔಷಧಿಯಿಂದಾನೂ ಸಿದ್ಧಿ ಬರತ್ತೆ ಅಂತ ಪತಂಜಲೀನೇ ಹೇಳಿದಾರಲ್ಲ ಅಂತಾರೆ. ಹೇಳಿದಾರೆ, ಇಲ್ಲ ಅನ್ನೋಕಾಗಲ್ಲ. ಆದ್ರೆ ಅದಕ್ಕೆ ಹಳೇ ವ್ಯಾಖ್ಯಾನ ವ್ಯಾಸಭಾಷ್ಯ ಏನು ಹೇಳತ್ತೆ ನೋಡಿ, ಅಸುರರ ಮನೆಗಳಲ್ಲಿ ರಸಾಯನದಿಂದ ಬರೋ ಸಿದ್ಧಿ ಅಂತ ಉದಾಹರಣೆ ಕೊಡ್ತಾರೆ. ಅಸುರರದ್ದು! ಅದೂ ಅಲ್ದೆ ಮೂರನೇ ಪಾದದಲ್ಲೇ ಸಿದ್ಧಿಗಳು ಸಮಾಧಿಗೆ ಅಡ್ಡಿ ಅಂತ ಹೇಳಿಯಾಗಿದೆ. ಅಂದ್ರೆ ಔಷಧಿಯಿಂದ ಏನೋ ಸಿಕ್ಕತ್ತೆ ಅಂತಲೇ ಇಟ್ಕೊಳಿ, ಸಿಕ್ಕಿದ್ದು ಯೋಗದ ಗುರಿ ಅಲ್ಲ, ದಾರೀಲಿ ಕಾಲಿಗೆ ತೊಡರೋದು.

ಇನ್ನೊಂದು ಕಡೆ, ಮೊದಲನೇ ಪಾದದಲ್ಲಿ ಅಂತರಾಯಗಳ, ಅಂದ್ರೆ ಯೋಗಕ್ಕೆ ಬರೋ ಅಡ್ಡಿಗಳ ಪಟ್ಟಿ ಇದೆಯಲ್ಲ, ವ್ಯಾಧಿ, ಸ್ತ್ಯಾನ, ಸಂಶಯ, ಪ್ರಮಾದ, ಆಲಸ್ಯ, ಅವಿರತಿ, ಭ್ರಾಂತಿದರ್ಶನ ಅಂತ ಹೋಗತ್ತೆ, ಅದರ ಮುಂದಿನ ಸೂತ್ರದಲ್ಲೇ ಅಂಗಮೇಜಯತ್ವ ಅಂತ ಬರತ್ತೆ, ಕೈಕಾಲು ನಡುಗೋದು, ಉಸಿರು ಎಲ್ಲೆಲ್ಲೋ ಹೋಗೋದು. ಸೇದ್ಕೊಂಡು ಬಂದವ್ರನ್ನ ವೃಕ್ಷಾಸನದಲ್ಲಿ ನಿಲ್ಸಿ ನೋಡಿ, ಆ ಪಟ್ಟಿ ಅಷ್ಟೂ ಒಂದೇ ಮೈಯಲ್ಲಿ ಕಾಣ್ಸತ್ತೆ. ತಮಾಷೆ ಅಲ್ಲ.

ಶಾಸ್ತ್ರ ಬಿಡಿ, ಕಲಿಸೋನ ಕಷ್ಟ ಹೇಳ್ತೀನಿ. ನಮ್ಮಲ್ಲಿ ಉಸಿರಿನ ಲೆಕ್ಕಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ಹೋಗೋ ಕ್ರಮ ಇದೆ, ವಿನ್ಯಾಸ ಅಂತೀವಿ, ಒಬ್ಬೊಬ್ರಿಗೆ ಒಂದೊಂದು ಆಸನ ಸೇರಿಸ್ತಾ ಹೋಗ್ತೀವಿ, ಹಿಂದಿಂದು ಕೂರೋವರೆಗೆ ಮುಂದಿಂದು ಕೊಡಲ್ಲ. ನಿನ್ನೆ ಹೇಳಿಕೊಟ್ಟಿದ್ದು ಇವತ್ತು ನೆನಪಿರ್ಬೇಕು. ಗಾಂಜಾ ಮೊದಲು ಹೊಡೆಯೋದೇ ಆ ಹೊಸದಾಗಿ ಕಲಿಯೋ ನೆನಪನ್ನ. ಅವರಿಗೆ ಮಾತ್ರ ಅದ್ಭುತ ಪ್ರಾಕ್ಟೀಸ್ ಆಯ್ತು ಅನ್ಸಿರತ್ತೆ, ನಾನು ನೋಡ್ತಾ ಇರ್ತೀನಲ್ಲ, ಭುಜ ಕಿವಿ ಹತ್ರ ಇರತ್ತೆ, ಉಸಿರು ಎಲ್ಲೋ ನಿಂತಿರತ್ತೆ. ಒಳಗೆ ಅನ್ಸೋದೇ ಬೇರೆ, ಹೊರಗೆ ಆಗ್ತಿರೋದೇ ಬೇರೆ. ಈ ಅಂತರ ಕಡಿಮೆ ಮಾಡೋಕೇ ಅಲ್ವಾ ನಾವು ಬೆಳಗಿನ ಜಾವ ಎದ್ದು ಮ್ಯಾಟ್ ಹಾಸೋದು.

---

ಬೇಏರಿಯಾ_ಬಸ್ಯಾ:

ನಾನು ಮಾಡ್ತೀನಿ ಹಾಗಾಗಿ ಹೇಳೋ ಹಕ್ಕಿದೆ ಅನ್ಕೊಂಡಿದೀನಿ 🙂 ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಪಾಸಾಯ್ತು, 2018ರಿಂದ ಅಂಗಡೀಲಿ ಸಿಗತ್ತೆ. ಭಾನುವಾರ ಸಂಜೆ ಮಕ್ಕಳು ಅಜ್ಜಿ ಮನೆಗೆ ಹೋದ್ಮೇಲೆ 2.5 ಮಿಲಿಗ್ರಾಂದು ಒಂದು ಗಮ್ಮಿ ತಿಂದು, ಒಂದು ಗಂಟೆ ಆದ್ಮೇಲೆ ಮನೇಲೇ ದಿಂಬು ಬೋಲ್ಸ್ಟರ್ ಇಟ್ಕೊಂಡು ಯಿನ್ ಯೋಗ, ಅಂದ್ರೆ ಒಂದೊಂದು ಆಸನದಲ್ಲೇ ತುಂಬಾ ಹೊತ್ತು ಇರೋದು, ಬದ್ಧಕೋನಾಸನ, ಕಾಲು ಗೋಡೆಗೆ ಎತ್ತಿ ಮಲಗೋದು, ಅಷ್ಟೇ. ಶೀರ್ಷಾಸನ ಬಕಾಸನ ಅಂತ ಸರ್ಕಸ್ಸೇನೂ ಇಲ್ಲ. ದಿನವಿಡೀ ಕೂತು ಕೋಡ್ ಬರೆಯೋ ಬೆನ್ನು ನಂದು, ಆ ಒಂದು ಗಂಟೇಲಿ ಅದು ಬಿಟ್ಕೊಳೋ ಹಾಗೆ ಮತ್ತೆ ಯಾವಾಗ್ಲೂ ಬಿಟ್ಕೊಳಲ್ಲ. ಉಸಿರು ಹೋಗೋದು ಬರೋದು ಗೊತ್ತಾಗತ್ತೆ. ಯಾರಿಗೂ ತೊಂದ್ರೆ ಕೊಟ್ಟಿಲ್ಲ.

ಗೋಕುಲಂ ಸಾರ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಕೇಳ್ತೀನಿ, ಫಿಲ್ಟರ್ ಕಾಫಿ ಕುಡಿದು ಸೂರ್ಯನಮಸ್ಕಾರ ಮಾಡೋರು ಮೈಸೂರಲ್ಲಿ ಎಷ್ಟು ಜನ ಇದಾರೆ? ಅದೂ ಮೆದುಳಿಗೆ ಹೋಗೋ ವಸ್ತೂನೇ. ಅದು ಸಾತ್ವಿಕ, ಇದು ತಾಮಸ ಅಂತ ಯಾರು ಗೆರೆ ಎಳೆದ್ರು? ಮತ್ತೆ ದೇಹದಲ್ಲೇ ಆನಂದಮೈಡ್ ಅಂತ ಒಂದು ರಾಸಾಯನಿಕ ಇದೆ, 1992ರಲ್ಲಿ ಇಸ್ರೇಲಿನ ಮೆಶೌಲಮ್ ಅವರ ಲ್ಯಾಬಲ್ಲಿ ಕಂಡುಹಿಡಿದ್ರು, ಗಾಂಜಾದಲ್ಲಿ ನಶೆ ಕೊಡೋ ಟಿಎಚ್‌ಸಿ ಮೆದುಳಲ್ಲಿ ಹೋಗಿ ಕೂರೋ ರಿಸೆಪ್ಟರಿಗೇ ಇದೂ ಹೋಗಿ ಕೂರೋದು. ಪ್ರಕೃತಿಯೇ ಇಟ್ಟಿರೋ ಬೀಗದ ಕೀ ಅಂತೀನಿ ನಾನು.

---

ಗೋಕುಲಂ_ಮ್ಯಾಟ್:

ಕಾಫಿ ವಿಷಯದಲ್ಲಿ ನನ್ನನ್ನ ಹಿಡಿದು ಹಾಕಿದ್ರಿ, ನಾನೂ ಕುಡಿದೇ ಶುರು ಮಾಡೋದು, ವಾದಕ್ಕೆ ಬರಲ್ಲ. ಆದ್ರೆ ಕಾಫಿ ಕುಡಿದವನಿಗೆ ಮಂಡಿ ನೋವು ಮಂಡಿ ನೋವಾಗೇ ಕಾಣತ್ತೆ, ನಾನು ಹೇಳೋದು ಅಷ್ಟು ಮಾತ್ರ.

---

ಪಿಜಿ_ಹಾಸ್ಟೆಲ್_ಡಾಕ್ಟ್ರು:

ಮೇಲಿನ ಮಂಡಿ ನೋವಿನ ಮಾತು ಹಿಡ್ಕೊಂಡು ಹೇಳ್ತೀನಿ, ಯಾಕಂದ್ರೆ ಮೈ ಕಡೆಯಿಂದ ನೋಡಿದ್ರೆ ಅಸಲಿ ವಿಷಯ ಅಲ್ಲೇ ಇರೋದು. ಟಿಎಚ್‌ಸಿ ನೋವನ್ನ ಪೂರ್ತಿ ತೆಗೆಯಲ್ಲ, ನೋವು ಎಷ್ಟಿದೆ ಅಂತ ಕೇಳಿದ್ರೆ ಹೆಚ್ಚುಕಡಿಮೆ ಅಷ್ಟೇ ಅಂತಾರೆ, ಆದ್ರೆ ಅದು ಕಾಡೋದು ಕಡಿಮೆ ಆಗತ್ತೆ, ಇದ್ರೆ ಇರ್ಲಿ ಬಿಡು ಅನ್ಸತ್ತೆ. ಕ್ಯಾನ್ಸರ್, ನರದ ನೋವು ಇರೋರಿಗೆ ಅದು ಒಳ್ಳೇದೇ ಇರಬಹುದು. ಪಶ್ಚಿಮೋತ್ತಾನಾಸನದಲ್ಲಿ ಕೂತಿರೋರಿಗೆ ಅಲ್ಲ. ಗಾಡಿ ಟೆಂಪರೇಚರ್ ಮುಳ್ಳು ಮೇಲೇರ್ತಿದ್ರೆ ಮೀಟರ್ ಮೇಲೆ ಟವೆಲ್ ಹಾಕ್ಕೊಂಡು ಘಾಟಿ ಹತ್ತಿದ ಹಾಗೆ. ತೊಡೆ ಹಿಂಭಾಗದ ಸ್ನಾಯು ಕೂರೋ ಮೂಳೆಗೆ ಅಂಟಿಕೊಂಡಿರೋ ಜಾಗ ಇದೆಯಲ್ಲ, ಯೋಗ ಮಾಡೋರಲ್ಲಿ ಕೆಡೋದು ಅದೇ ಜಾಗ, ಎಳೆದೂ ಎಳೆದೂ ಒಂದಿನ ಕೂತ್ರೆ ಚುಚ್ಚೋಕೆ ಶುರುವಾಗತ್ತೆ, ತಿಂಗಳುಗಟ್ಲೆ ಹೋಗಲ್ಲ. ಅವತ್ತು "ಆಹಾ ಎಷ್ಟು ಬಗ್ಗಿದೆ" ಅನ್ಸಿರತ್ತೆ, ಗೊತ್ತಾಗೋದು ಮಾರನೇ ದಿನ. ಮೈ ಬಿಟ್ಕೊಳತ್ತೆ ಅಂತಾರಲ್ಲ, ಸ್ನಾಯು ಅಷ್ಟೇನೂ ಬಿಟ್ಕೊಂಡಿರಲ್ಲ, ಸಾಕು ನಿಲ್ಸು ಅನ್ನೋ ಸಿಗ್ನಲ್ಲಿಗೆ ನಾವು ಕಿವಿ ಕೊಡೋದು ಬಿಟ್ಟಿರ್ತೀವಿ.

ಎರಡನೇದು, ಕುಸುಮ ಅವ್ರೇ ನಿಮ್ಮ ಲೋ ಬಿಪಿ. ಟಿಎಚ್‌ಸಿ ಎದೆಬಡಿತ ಜೋರು ಮಾಡತ್ತೆ, ನಿಮಿಷಕ್ಕೆ 20ರಿಂದ 50 ಬಡಿತದವರೆಗೂ ಏರಬಹುದು, ಮತ್ತೆ ಮಲಗಿದ್ದೋರು ಎದ್ದು ನಿಂತ ತಕ್ಷಣ ಬಿಪಿ ಇಳಿಯತ್ತೆ. ಈಗ ನೀವೇ ಯೋಚ್ನೆ ಮಾಡಿ, ನಿಂತು ಮುಂದಕ್ಕೆ ಬಗ್ಗೋ ಉತ್ತಾನಾಸನದಿಂದ ಮೇಲೇಳೋದು, ಶವಾಸನದಿಂದ ಏಳೋದು, ಯೋಗ ಅಂದ್ರೇನೇ ತಲೆ ಕೆಳಗೆ ಮೇಲೆ ಮಾಡೋದು. ಡೆನ್ವರ್ ಬೇರೆ ಸಮುದ್ರ ಮಟ್ಟದಿಂದ 1600 ಮೀಟರ್ ಎತ್ತರ, ಒಣ ಹವೆ, ನೀರು ಕುಡಿಯೋದು ಸ್ವಲ್ಪ ಕಡಿಮೆ ಆದ್ರೂ ತಲೆ ಸುತ್ತತ್ತೆ. ಮೊದಲನೇ ಸಲ ತಗೊಳೋರು ಬೀಳೋದು ಹೀಗೇ. ಹಾರ್ಟ್ ತೊಂದ್ರೆ ಇರೋರಿಗಂತೂ ಖಂಡಿತ ಬೇಡ, 2001ರಲ್ಲೇ ಅಮೆರಿಕದಲ್ಲಿ ಒಂದು ಸ್ಟಡಿ ಬಂತು, ಸೇದಿದ ಮೊದಲ ಒಂದು ಗಂಟೇಲಿ ಹಾರ್ಟ್ ಅಟ್ಯಾಕ್ ಅಪಾಯ 4.8 ಪಟ್ಟು ಅಂತ. ನಿಮಗಲ್ಲ ಇದು, ಓದ್ತಿರೋ ಬೇರೆಯವ್ರಿಗೆ.

ಗಮ್ಮಿದು ಇನ್ನೊಂದು ಫಜೀತಿ. ಸೇದಿದ್ರೆ ಕೆಲವೇ ನಿಮಿಷದಲ್ಲಿ ಗೊತ್ತಾಗತ್ತೆ, ತಿಂದ್ರೆ ಅರ್ಧ ಗಂಟೆಯಿಂದ ಎರಡು ಗಂಟೆ. ಏನೂ ಆಗ್ಲಿಲ್ವಲ್ಲ ಅಂತ ಇನ್ನೊಂದು ತಿಂತಾರೆ. ಕ್ಲಾಸ್ ಮುಗಿಯೋ ಹೊತ್ತಿಗೆ ಎರಡೂ ಒಟ್ಟಿಗೆ ಏರತ್ತೆ, ಆವಾಗ ಇವ್ರು ಕಾರ್ ಕೀ ಹುಡುಕ್ತಿರ್ತಾರೆ. ಕೊಲೊರಾಡೊದಲ್ಲಿ ರಕ್ತದಲ್ಲಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಟಿಎಚ್‌ಸಿ ಸಿಕ್ಕಿದ್ರೆ ನಶೇಲಿ ಗಾಡಿ ಓಡಿಸಿದ್ರು ಅಂತ ಕೇಸು ಹಾಕಬಹುದು. ಅದಕ್ಕಿಂತ ಕಡಿಮೆ ಇದ್ರೂ ಪೊಲೀಸ್ರಿಗೆ ಡ್ರೈವಿಂಗ್ ಸರಿಯಿಲ್ಲ ಅನ್ಸಿದ್ರೆ ಹಿಡೀಬಹುದು.

ಮನಸ್ಸು ತಣ್ಣಗಾಗತ್ತೆ ಅನ್ನೋದು ಪೂರ್ತಿ ಸುಳ್ಳಲ್ಲ, ಆದ್ರೆ ಅದು ಡೋಸ್ ಮೇಲೆ ನಿಂತಿದೆ, ಅಂಚು ತುಂಬಾ ಸಣ್ಣದು. 2017ರಲ್ಲಿ ಶಿಕಾಗೊದಲ್ಲಿ ಮಾಡಿದ ಸ್ಟಡೀಲಿ 7.5 ಮಿಲಿಗ್ರಾಂ ತಗೊಂಡೋರಿಗೆ ಟೆನ್ಶನ್ ಕಡಿಮೆ ಆಯ್ತು, 12.5 ತಗೊಂಡೋರಿಗೆ ಜಾಸ್ತಿ ಆಯ್ತು. ಅವ್ರೆಲ್ಲ ಮೊದಲು ಸ್ವಲ್ಪ ಬಳಸಿ ಗೊತ್ತಿದ್ದೋರು ಬೇರೆ. ಕೊಲೊರಾಡೊದಲ್ಲಿ ಒಂದು ಸರ್ವಿಂಗ್ ಅಂದ್ರೆ 10 ಮಿಲಿಗ್ರಾಂ. ಮನೇಲಿ ಅಪ್ಪ ಅಮ್ಮ ಅಣ್ಣ ತಮ್ಮ ಯಾರಿಗಾದ್ರೂ ಸೈಕೋಸಿಸ್, ಬೈಪೋಲಾರ್ ಥರದ ಮಾನಸಿಕ ಖಾಯಿಲೆ ಇದ್ರೆ ಡೋಸ್ ಮಾತೇ ಬೇಡ, ದೂರ ಇರಿ. ಬೆಂಗಳೂರಲ್ಲಿ ಟ್ರೈನಿಂಗ್ ಮಾಡುವಾಗ ವಾರ್ಡಲ್ಲಿ ನೋಡಿದೀನಿ, ಇಪ್ಪತ್ತು ಇಪ್ಪತ್ತೊಂದರ ಹುಡುಗ್ರು, ಧ್ಯಾನದಲ್ಲಿ ದೇವರು ಮಾತಾಡ್ದ ಅಂತ ಬರ್ತಾರೆ, ಮನೆಯವ್ರು ಮೊದಲು ಮಠಕ್ಕೆ ಕರ್ಕೊಂಡು ಹೋಗಿರ್ತಾರೆ.

ಬಸ್ಯಾ ಅವ್ರೇ, ಆನಂದಮೈಡ್ ಇರೋದು ನಿಜ. ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಚೂರು ತಯಾರಾಗಿ ಕ್ಷಣದಲ್ಲಿ ಒಡೆದು ಹೋಗತ್ತೆ. ಟಿಎಚ್‌ಸಿ ಇಡೀ ಮೆದುಳಿಗೆ ಒಟ್ಟಿಗೆ ನುಗ್ಗಿ ಗಂಟೆಗಟ್ಲೆ ಕೂರತ್ತೆ. ಬ್ಯಾಲೆನ್ಸ್ ನೋಡ್ಕೊಳೋ ಹಿಂಮೆದುಳಲ್ಲಿ ಆ ರಿಸೆಪ್ಟರ್ ದಂಡಿಯಾಗಿದೆ. ಕೀ ಒಂದೇ ಇರಬಹುದು, ಮನೇಲಿರೋ ಬಾಗಿಲೆಲ್ಲ ಒಟ್ಟಿಗೆ ತೆಗೀಬೇಕಾ? ಅಂದ್ಹಾಗೆ ಜೋರಾಗಿ ಓಡಿದ್ರೂ ರಕ್ತದಲ್ಲಿ ಆನಂದಮೈಡ್ ಏರತ್ತೆ, ಅದು ಫ್ರೀ.

---

ಬೇಏರಿಯಾ_ಬಸ್ಯಾ:

ಡಾಕ್ಟ್ರೇ ಒಪ್ದೆ, ಹೊಸಬ್ರಿಗೆ 10 ಜಾಸ್ತೀನೇ. ಅದಕ್ಕೇ ನಾನು 2.5 ಅಂದಿದ್ದು, ಮತ್ತೆ ಮನೇಲಿ, ನಿಂತ್ಕೊಳೋ ಆಸನ ಇಲ್ದೆ, ಗಾಡಿ ಮುಟ್ಟದೆ. ಅದನ್ನ ಬಿಟ್ಟು ಇಪ್ಪತ್ತು ಜನದ ಮಧ್ಯೆ ಗುರುತಿಲ್ಲದ ಜಾಗದಲ್ಲಿ ಮೊದಲನೇ ಸಲ ಟ್ರೈ ಮಾಡೋದು ನಾನೂ ಹೇಳಲ್ಲ. ಆದ್ರೆ ಇದನ್ನ ಮಾಡೋರೆಲ್ಲ ನಶೆಗೆ ಮಾಡ್ತಾರೆ ಅನ್ಬೇಡಿ.

---

ಕೃಷ್ಣಾ_ದಂಡಿ:

ನಮಸ್ಕಾರ್ರಿ ಅಕ್ಕಾರ. ನಾ ಯಾದಗಿರಿ ಕಡಿಯಾಂವ. ನಿಮ್ಮ ಗೆಳತಿ ಕೇಳಿದ್ದು ಖರೇನ ಅದ, ನಮ್ಮ ದೇಶದ್ದ ಹೌದು ಇದು, ನಾವು ಮುಚ್ಚಿಡೂದು ಬ್ಯಾಡ. ನಮ್ಮ ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರ ಜಾತ್ರಿಗಿ ಬಂದ್ರ ನಿಮಗ ಗೊತ್ತಾಗ್ತದ, ಕೃಷ್ಣಾ ನದಿ ದಂಡಿ ಮ್ಯಾಲ ಗುಡಿ, ಹಿಂದೂ ಮುಸ್ಲಿಂ ಎಲ್ಲಾರೂ ನಡ್ಕೊಳ್ತಾರ, ಅಲ್ಲಿ ಭಕ್ತರು ಭಂಗಿ ಸೊಪ್ಪು, ಅಂದ್ರ ಗಾಂಜಾ, ಪ್ರಸಾದ ಅಂತ ತಗೋತಾರ. 2020ರಾಗ ಪೇಪರ್‌ನ್ಯಾಗೂ ಬಂದಿತ್ತು. ಶರಣ, ಅವಧೂತ, ಆರೂಢ, ಶಪಥ ಅಂತ ನಮ್ಮ ಕಡಿ ಪಂಥ ಅದಾವ, ಅದರಾಗ ಕೆಲವರು ಜ್ಞಾನಕ್ಕ ದಾರಿ ಅಂತ ತಿಳ್ಕೊಂಡಾರ. ಕೆಲವರು ಕುದಿಸಿ ತಿಂತಾರ, ಕೆಲವರು ಚಿಲಮಿ ಸೇದ್ತಾರ, ತತ್ವಪದ ಹಾಡ್ತಾರ, ಏಕತಾರಿ ಹಿಡ್ಕೊಂಡು ರಾತ್ರಿಯೆಲ್ಲ.

ಆದ್ರ ಒಂದ್ ಮಾತು ಕೇಳ್ರಿ. ನಮ್ಮ ಕಾಕಾ ಇದ್ದ, ಭಜನಿ ಮ್ಯಾಳದಾಗ ಹಾಡಾಂವ, ಸೇದ್ತಿದ್ದ. ಅವರ ಕೂಟದಾಗ ಯಾರೂ ಆಸನ ಹಾಕಿದ್ದು ನಾ ನೋಡಿಲ್ಲ. ಕುಂತಲ್ಲೇ ಕುಂದ್ರೂದು, ಗುರು ಅಂದಾಂವ ಮುಂದ ಇರೂದು, ಪದದ ಅರ್ಥ ಬಿಡಿಸೂದು, ಬೆಳಕ ಹರಿಯೂತನ ಅದ. ಅದಕ್ಕೊಂದು ತಿಥಿ, ಒಂದು ಜಾಗ. ಹೊಲಕ್ಕ ಹೋಗೂ ದಿನ ಸೇದಿದವನಿಗಿ ಮ್ಯಾಳದಾಗ ಮರ್ಯಾದಿ ಇರ್ತಿರಲಿಲ್ಲ. ನಿಮ್ಮ ಕಡಿ ಶನಿವಾರ ಸಂಜಿ ರೊಕ್ಕ ಕೊಟ್ಟು ಒಂದೂವರಿ ತಾಸು ಹೋಗೂದು ನಮ್ಮ ಪರಂಪರಾ ಅಂತ ಅಂದ್ರ ನನಗ ನಗಿ ಬರ್ತದ. ಅವರದು ಅವರ ಖುಷಿ, ಮಾಡ್ಲಿ, ಆದ್ರ ಶಿವನ ಹೆಸರು ತಗೊಂಡು ನಿಮ್ಮನ್ನ ಎಳಿಯೂದು ಬ್ಯಾಡ. ಮತ್ತ ಚಿಲಮಿ ಹಿಡಿದ ಸಾಧು ಬ್ಯಾರೆ, ಹಠಯೋಗ ಮಾಡಾಂವ ಬ್ಯಾರೆ ಅಂತ ಪೂರಾ ಹೇಳಾಕೂ ಬರಂಗಿಲ್ಲ, ನಾಥಪಂಥದ ಜೋಗಿಗಳು ಎರಡೂ ಮಾಡಾವ್ರು ಅದಾರ. ಹಂಗಂತ ಸೇದಿದ್ದಕ್ಕ ಅವರು ಯೋಗಿ ಆದ್ರು ಅಂತ ಯಾರೂ ಅನ್ನಂಗಿಲ್ಲ.

ನಮ್ಮ ಕಾಕಾನ ಕಡೀ ವರ್ಷ ಕೆಮ್ಮಿನಾಗೇ ಹೋದ್ವು. ಭಂಗಿಯಿಂದ್ಲೋ ಬೀಡಿಯಿಂದ್ಲೋ ದೇವರಿಗೇ ಗೊತ್ತು, ಎರಡೂ ಸೇದ್ತಿದ್ದ.

---

ಉಡುಪಿ_ಆಯುರ್:

ಕೃಷ್ಣಾ ದಂಡಿಯವ್ರ ಮಾತಿಗೆ ಸಣ್ಣ ಸೇರ್ಪಡೆ ಮಾರಾಯ್ರೆ. ಆಯುರ್ವೇದದಲ್ಲಿ ಇದು ವಿಜಯಾ, ಇವತ್ತಿಗೂ ಔಷಧಿಯೇ, ಜಾತೀಫಲಾದಿ ಚೂರ್ಣಕ್ಕೆ ಹಾಕ್ತಾರೆ, ಹೊಟ್ಟೆಯ ಗ್ರಹಣಿ ರೋಗಕ್ಕೆ ಕೊಡ್ತಾರೆ. ಆದರೆ ಡ್ರಗ್ಸ್ ಆಂಡ್ ಕಾಸ್ಮೆಟಿಕ್ಸ್ ನಿಯಮದಲ್ಲಿ ಇ-1 ಷೆಡ್ಯೂಲ್ ಅಂತ ಉಂಟಲ್ಲ, ವೈದ್ಯರ ನಿಗಾದಲ್ಲಿ ತಗೊಳ್ಬೇಕಾದ ವಿಷದ್ರವ್ಯಗಳ ಪಟ್ಟಿ, ಅದರಲ್ಲಿ ಇದೂ ಉಂಟು. ಶಾರ್ಙ್ಗಧರ ಸಂಹಿತೆಯಲ್ಲಿ ವ್ಯವಾಯಿ ಅಂದ್ರೆ ಏನು ಅಂತ ಹೇಳುವಾಗ ಭಂಗಿ ಮತ್ತು ಅಫೀಮು ಎರಡನ್ನೇ ಉದಾಹರಣೆ ಕೊಟ್ಟದ್ದು. ಜೀರ್ಣ ಆಗುವ ಮೊದಲೇ ಮೈಯೆಲ್ಲ ಹರಡುವಂಥದ್ದು, ಆಮೇಲೆ ಪಾಕ ಆಗುವಂಥದ್ದು. ಹಾಗಾಗಿ ಶುದ್ಧಿ ಮಾಡದೆ, ಪ್ರಮಾಣ ನೋಡದೆ ನಮ್ಮವರು ಕೊಡ್ಲಿಕ್ಕಿಲ್ಲ. "ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ" ಅನ್ನುವವರು ಒಮ್ಮೆ ಆ ಗ್ರಂಥ ತೆರೆದು ನೋಡ್ಲಿ.

---

ವೀಸಾ_ವೆಂಕಟೇಶ:

ಎಲ್ರೂ ಪತಂಜಲಿ, ರಿಸೆಪ್ಟರ್ ಅಂತ ಹೋದ್ರಿ, ಯಾರೂ ಮುಖ್ಯವಾದ ಪ್ರಶ್ನೆ ಕೇಳ್ಲೇ ಇಲ್ಲ. ಕುಸುಮ ಮೇಡಂ, ನಿಮ್ಮ ಸ್ಟೇಟಸ್ ಏನು? ಸಿಟಿಜನ್ನಾ, ಗ್ರೀನ್ ಕಾರ್ಡಾ, ವೀಸಾನಾ?

---

ಕೊಲೊರಾಡೊ_ಕುಸುಮ:

ಇಷ್ಟು ಜನ ಇಷ್ಟು ಸಮಾಧಾನವಾಗಿ ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಡಾಕ್ಟ್ರೇ, ಉತ್ತಾನಾಸನದಿಂದ ಏಳುವಾಗ ಈಗ್ಲೇ, ಏನೂ ತಗೊಳ್ದೇನೇ, ಕಣ್ಣು ಕಪ್ಪಾಗತ್ತೆ ನನಗೆ. ವೆಂಕಟೇಶ್ ಅವ್ರೇ, ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಐ-485 ಹಾಕಿ ಕಾಯ್ತಾ ಇದೀವಿ. ಅದಕ್ಕೂ ಇದಕ್ಕೂ ಏನು ಸಂಬಂಧ? ಸ್ಟೇಟಲ್ಲಿ ಲೀಗಲ್ ಇದೆಯಲ್ಲ?

---

ವೀಸಾ_ವೆಂಕಟೇಶ:

ಸಂಬಂಧ ಇರೋದೇ ಅಲ್ಲಿ. ನಾನು ಲಾಯರ್ ಅಲ್ಲ, ನಮ್ಮ ಕೇಸಿಗೆ ವರ್ಷಗಟ್ಲೆ ಲಾಯರ್ ಹಿಂದೆ ಓಡಾಡಿ ತಿಳ್ಕೊಂಡಿದ್ದು ಇದು, ನೀವು ನಿಮ್ಮ ಲಾಯರ್‌ನ ಒಂದ್ಸಲ ಕೇಳಿ. ಕೊಲೊರಾಡೊದಲ್ಲಿ ಲೀಗಲ್ ಇರೋದು ಸ್ಟೇಟ್ ಕಾನೂನಿನ ಪ್ರಕಾರ. ಇಮಿಗ್ರೇಶನ್ ನಡೆಯೋದು ಫೆಡರಲ್ ಕಾನೂನಲ್ಲಿ, ಅಲ್ಲಿ ಶೋಕಿಗೆ ಗಾಂಜಾ ಇಟ್ಕೊಳೋದು ಅಪರಾಧವೇ. ನಿಮ್ಮ ಐ-485 ಫಾರ್ಮಲ್ಲೇ ಪ್ರಶ್ನೆ ಇದೆ, ಅಮೆರಿಕದ್ದಾಗ್ಲಿ ಯಾವುದೇ ಸ್ಟೇಟಿಂದಾಗ್ಲಿ ಬೇರೆ ದೇಶದ್ದಾಗ್ಲಿ ಮಾದಕ ವಸ್ತು ಕಾನೂನು ಯಾವತ್ತಾದ್ರೂ ಮೀರಿದೀರಾ ಅಂತ. ನೀವೀಗ ಇಲ್ಲ ಅಂತ ಟಿಕ್ ಮಾಡಿರ್ತೀರಿ. ಶನಿವಾರ ಗಮ್ಮಿ ತಿಂದು ಆಮೇಲೆ ಇಂಟರ್‌ವ್ಯೂಲಿ ಆಫೀಸರ್ ಕೇಳಿದ್ರೆ ಏನು ಹೇಳ್ತೀರಿ? ಸುಳ್ಳು ಹೇಳಿದ್ರೆ ಅದು ಬೇರೇನೇ ದೊಡ್ಡ ತಪ್ಪು. ನಿಜ ಹೇಳಿದ್ರೆ, ಅರೆಸ್ಟ್ ಆಗಿರ್ಬೇಕು ಶಿಕ್ಷೆ ಆಗಿರ್ಬೇಕು ಅಂತೇನಿಲ್ಲ, ಬಾಯಲ್ಲಿ ಒಪ್ಕೊಂಡಿದ್ದೇ ಸಾಕಾಗಬಹುದು ಅರ್ಜಿ ತಿರಸ್ಕಾರ ಆಗೋಕೆ. ಮೆಡಿಕಲ್ ಟೆಸ್ಟಲ್ಲೂ ಡಾಕ್ಟರ್ ಡ್ರಗ್ಸ್ ಬಗ್ಗೆ ಕೇಳ್ತಾರೆ.

ಗ್ರೀನ್ ಕಾರ್ಡ್ ಬಂದ್ಮೇಲೂ ಮುಗೀಲಿಲ್ಲ. 2019ರ ಏಪ್ರಿಲ್‌ನಲ್ಲಿ ಇಮಿಗ್ರೇಶನ್ ಇಲಾಖೆ ಯುಎಸ್‌ಸಿಐಎಸ್ ಕ್ಲಿಯರಾಗಿ ಪಾಲಿಸಿ ಹೊರಡಿಸಿದೆ, ಸ್ಟೇಟಲ್ಲಿ ಲೀಗಲ್ ಇದ್ರೂ ಗಾಂಜಾ ಬಳಕೆ, ಆ ಇಂಡಸ್ಟ್ರೀಲಿ ಕೆಲಸ, ಇವೆಲ್ಲ ಸಿಟಿಜನ್‌ಶಿಪ್ಪಿಗೆ ಬೇಕಾದ ಒಳ್ಳೆ ನಡತೆಗೆ ಅಡ್ಡಿ ಬರಬಹುದು ಅಂತ. ಗಾಂಜಾ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡೋ ಕಂಪನಿ ಆಫರ್ ಬಂದ್ರೂ ಲಾಯರ್‌ನ ಕೇಳದೆ ಸೇರಬೇಡಿ ಅಂತ ಫ್ರೆಂಡ್ಸಿಗೆ ಹೇಳ್ತಿರ್ತೀನಿ. ನಿಮ್ಮ ಗೆಳತಿ ಇಲ್ಲಿ ಹುಟ್ಟಿದವ್ಳು, ಅವಳಿಗೆ ಇದ್ಯಾವುದೂ ತಲೆಗೇ ಬರಲ್ಲ, ಅವಳ ತಪ್ಪೂ ಅಲ್ಲ. ಬಸ್ಯಾ ಸಿಟಿಜನ್ ಅನ್ಸತ್ತೆ, ಅದಕ್ಕೆ ಆರಾಮಾಗಿ ಬರೀತಿದಾರೆ. ಕುಸುಮ ಅವ್ರೇ ಆ ಕ್ಲಾಸಲ್ಲಿ ಮ್ಯಾಟ್ ಮೇಲೆ ಕೂತಿರೋ ಫೋಟೋ ಅವಳು ನಿಮ್ಮನ್ನ ಟ್ಯಾಗ್ ಮಾಡಿ ಹಾಕಿದ್ರೆ ಅದೂ ತಲೆನೋವೇ, ಹೊರದೇಶದಿಂದ ವಾಪಸ್ ಬರುವಾಗ ಏರ್‌ಪೋರ್ಟಲ್ಲಿ ಫೋನ್ ತೆಗೆದು ನೋಡೋ ಅಧಿಕಾರ ಅಲ್ಲಿನ ಆಫೀಸರ್‌ಗಳಿಗಿದೆ.

ಮತ್ತೆ ಊರಿಗೆ ಹೋಗುವಾಗ ಬ್ಯಾಗ್ ಚೆಕ್ ಮಾಡ್ಕೊಳಿ ಎಲ್ರೂ. ಉಳಿದಿರೋ ಒಂದು ಗಮ್ಮಿ ಪ್ಯಾಕೆಟ್ ಬೆಂಗಳೂರು ಏರ್‌ಪೋರ್ಟಲ್ಲಿ ಸಿಕ್ಕಿದ್ರೆ ಎನ್‌ಡಿಪಿಎಸ್ ಕೇಸು, 1985ರ ಮಾದಕ ವಸ್ತು ಕಾಯ್ದೆ. ಸ್ಮಾಲ್ ಕ್ವಾಂಟಿಟಿ ಆದ್ರೂ ಒಂದು ವರ್ಷದವರೆಗೆ ಜೈಲು ಇಲ್ಲಾ 10,000 ರೂಪಾಯಿವರೆಗೆ ದಂಡ ಇಲ್ಲಾ ಎರಡೂ, ಹೊರದೇಶದಿಂದ ತಂದಿದ್ದಕ್ಕೆ ಬೇರೆ ಸೆಕ್ಷನ್.

---

ಸುರತ್ಕಲ್_ಸರ್ಫರ್:

ಭಂಗ್ ಅಂಗಡಿ ಇರತ್ತಲ್ಲ ಉತ್ತರದಲ್ಲಿ, ಅದು ಹೇಗೆ ಲೀಗಲ್ ಮತ್ತೆ?

---

ವೀಸಾ_ವೆಂಕಟೇಶ:

ಕಾಯ್ದೇಲಿ ಗಾಂಜಾ ಅಂದ್ರೆ ಹೂವಿನ, ಕಾಯಿನ ತುದಿ, ಅದರ ಜತೆ ಇಲ್ದೇ ಇರೋ ಬೀಜ ಎಲೆ ಅದರಲ್ಲಿ ಬರಲ್ಲ. ಗಿಡದ ಅಂಟಿಂದ ಮಾಡೋ ಚರಸ್ ಕೂಡ ಕಾಯ್ದೆ ಒಳಗೆ ಬರತ್ತೆ. ಎಲೆಯಿಂದ ಮಾಡೋ ಭಂಗ್ ಆಯಾ ರಾಜ್ಯದ ಅಬಕಾರಿಗೆ ಬಿಟ್ಟಿದ್ದು. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಒಂದು ಜಾಮೀನು ಅರ್ಜೀಲಿ ಭಂಗ್ ಎನ್‌ಡಿಪಿಎಸ್ ಒಳಗೆ ಬರಲ್ಲ ಅಂತ ಹೇಳಿದೆ. ಹಾಗಂತ ಪೊಲೀಸ್ರು ಹಿಡಿಯಲ್ಲ ಅಂತಲ್ಲ, ಹಿಡಿದ್ಮೇಲೆ ಹೈಕೋರ್ಟಿಗೆ ಹೋಗಿದ್ದಕ್ಕೇ ಆ ಆದೇಶ ಬಂದಿದ್ದು.

---

ಕೊಲೊರಾಡೊ_ಕುಸುಮ:

ಅಯ್ಯೋ ದೇವ್ರೇ. ನಮ್ಮೆಜಮಾನ್ರಿಗೆ ಇದನ್ನ ತೋರಿಸ್ದೆ, ಐ-485 ಲೈನ್ ಓದಿ ಅವ್ರ ಮುಖ ನೋಡ್ಬೇಕಿತ್ತು. ನೆನ್ನೇನೇ ಅವಳಿಗೆ ಮೆಸೇಜ್ ಮಾಡ್ದೆ, ಇಮಿಗ್ರೇಶನ್ ಕಾರಣ, ಬರಲ್ಲ ಅಂತ. ಅವಳಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ, ಸಾರಿ ಅಂದ್ಲು, ಬೆಳಿಗ್ಗೆ ಅದೇ ಜಾಗದಲ್ಲಿ ಮಾಮೂಲಿ ಕ್ಲಾಸಿದೆ ಅದಕ್ಕೆ ಹೋಗೋಣ ಅಂತಿದಾಳೆ. ಆದ್ರೆ ಈಗ ಹೊಸದೊಂದು ಶುರು ಮಾಡಿದಾಳೆ, ಸಿಬಿಡಿ ಎಣ್ಣೆ ತಗೋ, ಅದೇ ಗಿಡದ ಇನ್ನೊಂದು ಅಂಶ, ಅದರಲ್ಲಿ ನಶೆ ಇಲ್ಲ, ಸೊಂಟಕ್ಕೆ ಹಚ್ಕೋ, ನಾಲಿಗೆ ಕೆಳಗೂ ಹಾಕ್ಕೋ, ಅದು ಎಲ್ಲಾ ಕಡೆ ಲೀಗಲ್ ಅಂತ. ಅದಾದ್ರೂ ಪರವಾಗಿಲ್ವಾ? ಮತ್ತೆ ಗೋಕುಲಂ ಸಾರ್, ತಲೇಲಿ ಮೀಟಿಂಗ್ ಓಡೋದಕ್ಕೆ ಏನಾದ್ರೂ ಹೇಳಿ.

---

ಗೋಕುಲಂ_ಮ್ಯಾಟ್:

ಮೀಟಿಂಗ್ ಓಡ್ಲಿ ಬಿಡಿ, ನಿಲ್ಸೋಕೆ ಹೋಗ್ಬೇಡಿ. ಪಶ್ಚಿಮೋತ್ತಾನಾಸನದಲ್ಲಿ ಮೂಗಿನ ತುದೀನೋ ಕಾಲ್ಬೆರಳೋ ನೋಡ್ತಾ ಬಿಡೋ ಉಸಿರನ್ನ ತಗೊಳೋದಕ್ಕಿಂತ ಸ್ವಲ್ಪ ಉದ್ದ ಮಾಡಿ, ಎಣಿಸ್ತಾ ಹೋಗಿ, ಲೆಕ್ಕ ತಪ್ಪಿದ್ರೆ ಒಂದರಿಂದ. ಸೊಂಟ ಹಿಡಿದಿರೋದ್ರಿಂದ ಮಂಡಿ ಸ್ವಲ್ಪ ಮಡಿಸ್ಕೊಂಡೇ ಬಗ್ಗಿ, ಹೊಟ್ಟೆ ತೊಡೆಗೆ ತಾಗೋ ಹಾಗೆ, ಹಣೆ ಮಂಡಿಗೆ ಮುಟ್ಟೋದು ಮರೆತುಬಿಡಿ. ಉತ್ತಾನಾಸನದಿಂದ ಏಳುವಾಗ ಅರ್ಧಕ್ಕೆ ಎದ್ದು, ಎದೆ ಮುಂದೆ ನೋಡಿ, ಒಂದು ಉಸಿರು ನಿಂತು ಆಮೇಲೆ ಪೂರ್ತಿ ಏಳಿ. ನಿದ್ದೆಗೆ ಮಲಗೋ ಮುಂಚೆ ಗೋಡೆಗೆ ಕಾಲೆತ್ತಿ ಹತ್ತು ನಿಮಿಷ. ಬಸ್ಯಾ ಮಾಡ್ತಾರಲ್ಲ ಅದೇ, ಗಮ್ಮಿ ಬಿಟ್ಟು 🙂

---

ಪಿಜಿ_ಹಾಸ್ಟೆಲ್_ಡಾಕ್ಟ್ರು:

ಕಣ್ಣು ಕಪ್ಪಾಗೋದು ಪದೇಪದೇ ಇದ್ರೆ ಮೊದಲು ಹಿಮೋಗ್ಲೋಬಿನ್ ಒಂದು ನೋಡಿಸ್ಕೊಳಿ, ನಮ್ಮ ಹೆಂಗಸ್ರಲ್ಲಿ ಕಬ್ಬಿಣ ಕಡಿಮೆ ಇರೋದು ಮಾಮೂಲಿ. ನಿದ್ದೆ, ಟೆನ್ಶನ್ನಿಗೆ ನಿಮ್ಮ ಇನ್ಶೂರೆನ್ಸಲ್ಲಿ ಕೌನ್ಸೆಲರ್ ಇರ್ತಾರೆ, ಸಂಕೋಚ ಬೇಡ. ಇಂಡಿಯಾದಿಂದ ಓದ್ತಿರೋರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ. ನಶೆ ಬಿಡೋಕೆ ಕಷ್ಟ ಆಗ್ತಿದೆ ಅನ್ನೋರಿಗೆ 14446.

ಸಿಬಿಡಿಗೆ ಬರೋಣ. 2018ರ ಫಾರ್ಮ್ ಬಿಲ್ ಪ್ರಕಾರ ಟಿಎಚ್‌ಸಿ 0.3 ಪರ್ಸೆಂಟಿಗಿಂತ ಜಾಸ್ತಿ ಇಲ್ದೇ ಇದ್ರೆ ಅದು ಹೆಂಪ್, ಗಾಂಜಾ ಅಲ್ಲ, ಗೆಳತಿ ಹೇಳ್ತಿರೋದು ಅದನ್ನೇ. ಆಮೇಲೆ 2025ರಲ್ಲಿ ಆ ನಿಯಮ ಬಿಗಿ ಮಾಡೋ ಕಾನೂನು ಪಾಸಾಗಿದೆ, ಅದು ಬೇರೆ ಕತೆ. ನಶೆ ಬರಲ್ಲ ನಿಜ. ಆದ್ರೆ ಬಾಟಲ್ ಮೇಲೆ ಬರೆದಿರೋದೇ ಒಳಗಿದೆ ಅಂತ ಹೇಗೆ ನಂಬ್ತೀರಿ? 2017ರಲ್ಲಿ ಆನ್‌ಲೈನಲ್ಲಿ ಮಾರೋ 84 ಸಿಬಿಡಿ ಪ್ರಾಡಕ್ಟ್ ತರಿಸಿ ಟೆಸ್ಟ್ ಮಾಡಿದ್ರು, ಲೇಬಲ್ ಸರಿಯಾಗಿದ್ದಿದ್ದು ಮೂರರಲ್ಲಿ ಒಂದು ಭಾಗಕ್ಕೂ ಕಡಿಮೆ, 18ರಲ್ಲಿ ಟಿಎಚ್‌ಸಿ ಸಿಕ್ತು. ಆಫೀಸಲ್ಲಿ ಡ್ರಗ್ ಟೆಸ್ಟ್ ಮಾಡಿದ್ರೆ ಮೂತ್ರದಲ್ಲಿ ಹುಡುಕೋದು ಟಿಎಚ್‌ಸಿಯ ಅಂಶಾನೇ, ಎಣ್ಣೆಯಿಂದ ಬಂತಾ ಚಿಲ್ಲಂನಿಂದ ಬಂತಾ ಅಂತ ಅದಕ್ಕೆ ಗೊತ್ತಾಗಲ್ಲ. ರಕ್ತ ತೆಳು ಮಾಡೋ ವಾರ್ಫರಿನ್, ಕೆಲವು ಫಿಟ್ಸ್ ಮಾತ್ರೆ ಜತೆಗೂ ಸಿಬಿಡಿ ಸರಿಹೋಗಲ್ಲ, ಅತ್ತೆ ಮಾತ್ರೆ ತಗೋತಿದ್ರೆ ಆ ಬಾಟಲ್ ಅಡುಗೆಮನೇಲಿ ಇಡ್ಬೇಡಿ.

ನಿಮ್ಮ ಕೇಸ್ ಮುಗಿಯೋವರೆಗೆ ಅದೂ ಬೇಡ ಅಂತೀನಿ. ಸೊಂಟಕ್ಕೆ ಬಿಸಿನೀರು ಬ್ಯಾಗ್ ಇಡಿ, ಫಿಸಿಯೋ ಹತ್ರ ಒಂದ್ಸಲ ತೋರಿಸಿ.